ಮರದ ಹುಡಿಗೆ ತಾನಾಗಿ ತೆರೆಯುವ ಗೇಟು ಬೇಕು

ನಿಮ್ಮ ಮನೆಗೆ ತಾಗಿಕೊಂಡು ಒಂದು ಶೆಡ್ ಇದೆಯೇ? ಅದರೊಳಗೆ ಟೇಬಲ್ ಸಾ, ಪ್ಲೇನರ್, ಬ್ಯಾಂಡ್ ಸಾ ಮುಂತಾದ ಮರದ ಕೆಲಸದ ಯಂತ್ರಗಳಿವೆಯೇ? ಹಾಗಿದ್ದರೆ ಈ ಬರಹ ನಿಮಗಾಗಿ. ಯಂತ್ರದ ಮುಂದೆ ನಿಲ್ಲುವುದು ನೀವಲ್ಲ, ನಿಮ್ಮ ಪತಿಯೋ ಮಗನೋ ಎಂದಾದರೂ ದಯವಿಟ್ಟು ಓದಿ. ಸಂಜೆ ಆ ಶೆಡ್ಡಿನ ಹುಡಿಯನ್ನು ಹಿಡಿಸೂಡಿ ಹಿಡಿದು ಗುಡಿಸುವುದು ಹೆಚ್ಚಾಗಿ ನೀವೇ ತಾನೇ?

ಕರಾವಳಿಯ ನಮ್ಮ ಊರುಗಳಲ್ಲಿ ಇಂತಹ ಶೆಡ್ಡುಗಳು ಕಡಿಮೆಯೇನಲ್ಲ. ಗಲ್ಫಿನ ಫರ್ನಿಚರ್ ಕಾರ್ಖಾನೆಗಳಲ್ಲಿ ಹತ್ತಿಪ್ಪತ್ತು ವರ್ಷ ದುಡಿದು ಮರಳಿದವರ ಕೈಯಲ್ಲಿರುವುದು ಆ ಕಸುಬು. ಪೇಟೆಯಲ್ಲಿ ಅಂಗಡಿ ಹಿಡಿಯುವಷ್ಟು ಬಂಡವಾಳ ಎಲ್ಲರಲ್ಲೂ ಇರುವುದಿಲ್ಲ. ಹಾಗಾಗಿ ಮನೆಯ ಬದಿಯಲ್ಲೇ ನಾಲ್ಕು ಕಂಬ ನೆಟ್ಟು, ತಗಡು ಹೊದಿಸಿ, ಯಂತ್ರ ಇಟ್ಟುಬಿಡುತ್ತಾರೆ. ನನ್ನ ಅಕ್ಕನ ಗಂಡ ಮಾಡಿದ್ದೂ ಅದನ್ನೇ. ಅವರ ಅಡುಗೆಮನೆಯ ಗೋಡೆಯೇ ಶೆಡ್ಡಿನ ಒಂದು ಬದಿಯ ಗೋಡೆ. ದಾರಂದ, ಕಪಾಟು, ಮಂಚ, ಬಂದ ಆರ್ಡರನ್ನೆಲ್ಲ ಒಬ್ಬರೇ ಮಾಡುತ್ತಾರೆ.

ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಕಳೆದ ವರ್ಷ ಮಳೆಗಾಲ ಶುರುವಾಗುವ ಮೊದಲು ಭಾವ ಅಂಗಡಿಗೆ ಬಂದು, "ಹುಡಿ ಎಳೆಯುವ ಪೈಪಿಗೆ ಗೇಟು ಉಂಟಲ್ಲ, ಯಂತ್ರ ಚಾಲೂ ಮಾಡಿದ ಕೂಡಲೇ ಅದು ತಾನಾಗಿ ತೆರೆಯುವ ಹಾಗೆ ಮಾಡಿಕೊಡು" ಎಂದರು. ನಾನು ನಕ್ಕುಬಿಟ್ಟೆ. "ಒಂದು ತಗಡು ಎಳೆಯಲಿಕ್ಕೂ ನಿಮಗೆ ಕರೆಂಟು ಬೇಕಾ ಭಾವ?" ಎಂದು ಕೇಳಿದೆ. ಅವರು ನಗಲಿಲ್ಲ. "ಒಂದು ದಿನ ಬಂದು ಕೂತು ನೋಡು" ಎಂದು ಹೇಳಿ ಹೋದರು.

ಹೋಗಿ ಒಂದು ಗಂಟೆ ಕೂತೆ. ಆ ಒಂದು ಗಂಟೆಯ ನಂತರ ನನ್ನ ಅಭಿಪ್ರಾಯ ಬದಲಾಯಿತು. ಅದನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಈ ಗೇಟು ಎಂದರೇನು ಎಂದು ಹೇಳಬೇಕು. ಹುಡಿ ಎಳೆಯುವ ಬ್ಲೋವರ್ ಒಂದೇ ಇರುತ್ತದೆ. ಅದರಿಂದ ಒಂದು ದೊಡ್ಡ ಪೈಪು ಹೊರಟು, ಪ್ರತಿ ಯಂತ್ರಕ್ಕೂ ಒಂದೊಂದು ಕವಲು ಹೋಗುತ್ತದೆ. ಪ್ರತಿ ಕವಲಿನಲ್ಲಿ ಅಡ್ಡಕ್ಕೆ ಜಾರುವ ಒಂದು ಹಲಗೆ ಅಥವಾ ತಗಡು. ಅದನ್ನು ಎಳೆದರೆ ದಾರಿ ತೆರೆಯುತ್ತದೆ, ತಳ್ಳಿದರೆ ಮುಚ್ಚುತ್ತದೆ. ಇದಕ್ಕೆ ಬ್ಲಾಸ್ಟ್ ಗೇಟ್ ಎನ್ನುತ್ತಾರೆ. ಕೆಲಸ ನಡೆಯುತ್ತಿರುವ ಯಂತ್ರದ ಗೇಟು ಮಾತ್ರ ತೆರೆದಿರಬೇಕು, ಉಳಿದವೆಲ್ಲ ಮುಚ್ಚಿರಬೇಕು. ಅಡಿಕೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಂಪು ಒಂದು, ಲೈನು ನಾಲ್ಕು. ಒಂದು ಲೈನಿನ ವಾಲ್ವ್ ತೆರೆದು ಉಳಿದದ್ದನ್ನು ಮುಚ್ಚಿದರೆ ಜೆಟ್ ಗಿರ್ರನೆ ತಿರುಗುತ್ತದೆ. ನಾಲ್ಕನ್ನೂ ತೆರೆದಿಟ್ಟರೆ ನೀರು ಬುಡದಲ್ಲೇ ಸೋರುತ್ತದೆ, ಒಂದು ಮರಕ್ಕೂ ಸರಿಯಾಗಿ ತಲುಪುವುದಿಲ್ಲ.

ಗಾಳಿಯ ಲೆಕ್ಕವೂ ಹಾಗೆಯೇ. ಹುಡಿಯನ್ನು ಎಲ್ಲೂ ಕೂರಲು ಬಿಡದೆ ಒಯ್ಯಬೇಕಾದರೆ ಪೈಪಿನೊಳಗೆ ಗಾಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡಬೇಕು. ಅಂದರೆ ಗಂಟೆಗೆ 70 ಕಿಲೋಮೀಟರಿಗೂ ಮಿಗಿಲು, ಹೆದ್ದಾರಿಯಲ್ಲಿ ಬಸ್ಸು ಓಡುವ ವೇಗ. ಮನೆಯಲ್ಲಿಡುವ ಸಣ್ಣ ಬ್ಲೋವರಿಗೆ 4 ಇಂಚಿನ ಒಂದು ಕವಲಿನಲ್ಲಿ ಅಷ್ಟು ಎಳೆಯುವ ಶಕ್ತಿ ಇರಬಹುದು. ಮೂರು ಗೇಟು ತೆರೆದಿಟ್ಟರೆ ಆ ಎಳೆತ ಮೂರು ಪಾಲಾಗುತ್ತದೆ. ಆಗ ದೊಡ್ಡ ಚೂರುಗಳು ಪೈಪಿನ ತಳದಲ್ಲಿ ಕೂರುತ್ತವೆ. ಇನ್ನೂ ಕೆಟ್ಟದ್ದೆಂದರೆ, ಗರಗಸದ ಬಾಯಲ್ಲಿ ಹುಟ್ಟಿದ ನಯವಾದ ಹುಡಿ ಪೈಪಿನೊಳಗೆ ಹೋಗುವುದೇ ಇಲ್ಲ. ಬ್ಲೋವರ್ ಭೋರೆಂದು ಸದ್ದು ಮಾಡುತ್ತಿರುತ್ತದೆ, ಹುಡಿ ಹೋಗುತ್ತಿದೆ ಎಂದು ನಾವು ನಂಬಿಕೊಂಡಿರುತ್ತೇವೆ, ಅದು ಮಾತ್ರ ನಮ್ಮ ಮೂಗಿನ ಮುಂದೆಯೇ ತೇಲುತ್ತಿರುತ್ತದೆ.

ಆ ದಿನ ಶೆಡ್ಡಿನಲ್ಲಿ ನಾನು ಕಂಡದ್ದು ಇದನ್ನೇ. ಭಾವ ಶಿಸ್ತಿನ ಮನುಷ್ಯ. ಉಳಿಯನ್ನು ಕೂಡ ಒರೆಸದೆ ಗೂಡಿನಲ್ಲಿ ಇಡುವವರಲ್ಲ. ಮೊದಲ ಮೂರು ಸಲ ಸರಿಯಾಗಿ ಗೇಟು ಎಳೆದರು, ತಳ್ಳಿದರು. ಟೇಬಲ್ ಸಾದಲ್ಲಿ ಹಲಗೆ ಸೀಳಿ, ಪ್ಲೇನರಿಗೆ ಹಾಕಿ, ಮತ್ತೆ ಸಾಗೆ ತಂದು ಅಂಚು ಕತ್ತರಿಸಿ, ಪುನಃ ಪ್ಲೇನರ್. ಒಂದು ಹಲಗೆಗೆ ನಾಲ್ಕು ಬಾರಿ ಅತ್ತಿತ್ತ, ಪ್ರತಿ ಸಲವೂ ಒಂದನ್ನು ತೆರೆದು ಇನ್ನೊಂದನ್ನು ಮುಚ್ಚಬೇಕು. ಕೈಯಲ್ಲಿ ಆರಡಿಯ ಹಲಸಿನ ಹಲಗೆ. ಗೇಟಿರುವುದು ಯಂತ್ರದ ಹಿಂದೆ, ಗೋಡೆಯ ಬದಿಯಲ್ಲಿ. ನಾಲ್ಕನೆಯ ಸಲ ಮುಚ್ಚುವುದನ್ನು ಬಿಟ್ಟರು. ಆರನೆಯ ಸಲದ ಹೊತ್ತಿಗೆ ಎಲ್ಲ ಗೇಟುಗಳೂ ತೆರೆದೇ ಇದ್ದವು. ಇದಕ್ಕೆ ನಾನು ಸೋಮಾರಿತನ ಎನ್ನಲಾರೆ. ತಿರುಗುವ ಬ್ಲೇಡಿನ ಮೇಲೆ ಕಣ್ಣಿಟ್ಟವನ ಗಮನ ಬ್ಲೇಡಿನ ಮೇಲೆಯೇ ಇರಬೇಕು, ಗೇಟಿನ ಮೇಲಲ್ಲ.

ಈಗ ಆರೋಗ್ಯದ ಮಾತಿಗೆ ಬರೋಣ. ಮರದ ಹುಡಿ ಎಂದರೆ ಹಸುವಿನ ಕೊಟ್ಟಿಗೆಗೆ ಹಾಸುವ, ಒಲೆಗೆ ಸುರಿಯುವ ನಿರುಪದ್ರವಿ ವಸ್ತು ಎಂಬ ಭಾವನೆ ನಮ್ಮಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಹುಡಿಯನ್ನು ಮನುಷ್ಯನಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕಿನ ಹೊಗೆ ಇರುವುದೂ ಅದೇ ಗುಂಪಿನಲ್ಲಿ. ಇದರ ಸುಳಿವು ಮೊದಲು ಸಿಕ್ಕಿದ್ದು ಇಂಗ್ಲೆಂಡಿನ ಹೈ ವಿಕಂಬ್ ಎಂಬ ಕುರ್ಚಿ ಮಾಡುವವರ ಊರಿನ ಸುತ್ತಮುತ್ತ. ಮೂಗಿನೊಳಗಿನ ಒಂದು ಬಗೆಯ ಅಪರೂಪದ ಕ್ಯಾನ್ಸರ್ ಆ ಭಾಗದ ಫರ್ನಿಚರ್ ಕೆಲಸಗಾರರಲ್ಲಿ ಮತ್ತೆ ಮತ್ತೆ ಕಾಣಿಸುತ್ತಿರುವುದನ್ನು 1960ರ ದಶಕದಲ್ಲಿ ಅಲ್ಲಿನ ಕಿವಿ ಮೂಗು ಗಂಟಲು ವೈದ್ಯರು ಗಮನಿಸಿದರು. 1968ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದರ ವರದಿ ಬಂತು. ನಿಮ್ಮನ್ನು ಹೆದರಿಸುವುದು ನನ್ನ ಉದ್ದೇಶವಲ್ಲ. ಈ ಕ್ಯಾನ್ಸರ್ ಮರದ ಕೆಲಸದವರಲ್ಲೂ ವಿರಳವೇ. ಆದರೆ ಅದು ಹುಡಿ ಕುಡಿದ ವರ್ಷ ಬರುವ ಕಾಯಿಲೆಯಲ್ಲ, ದಶಕಗಳ ನಂತರ ಬರುವಂಥದ್ದು. ಒಂದೇ ಬದಿಯ ಮೂಗು ವಾರಗಟ್ಟಲೆ ಕಟ್ಟಿಕೊಂಡಿದ್ದರೆ ಅಥವಾ ಅದರಿಂದ ರಕ್ತ ಬರುತ್ತಿದ್ದರೆ ಶೀತವೆಂದು ಸುಮ್ಮನಿರಬೇಡಿ. ವೈದ್ಯರಲ್ಲಿಗೆ ಹೋಗಿ, ನಿಮ್ಮ ಕೆಲಸ ಏನೆಂಬುದನ್ನೂ ಹೇಳಿ. ಅವರು ಕೇಳದಿದ್ದರೂ ಹೇಳಿ.

ಕ್ಯಾನ್ಸರಿಗಿಂತ ಹೆಚ್ಚಾಗಿ ಕಾಡುವುದು ಉಬ್ಬಸ, ಬಿಡದ ಶೀತ, ಕಣ್ಣುರಿ, ಚರ್ಮದ ತುರಿಕೆ. ತೇಗ ಮತ್ತು ಬೀಟೆಯ ಹುಡಿ ಕೆಲವರ ಚರ್ಮಕ್ಕೆ ಆಗುವುದೇ ಇಲ್ಲ. ಎಂಡಿಎಫ್ ಹಲಗೆಯಲ್ಲಿ ಮರದ ನಾರಿನ ಜೊತೆ ಫಾರ್ಮಾಲ್ಡಿಹೈಡ್ ಇರುವ ಅಂಟೂ ಇರುತ್ತದೆ. ಕತ್ತರಿಸಿದಾಗ ಅದರ ಹುಡಿ ಮೈದಾ ಹಿಟ್ಟಿನಷ್ಟು ನಯ. "ನಮ್ಮ ಅಜ್ಜಂದಿರೂ ಮರದ ಕೆಲಸ ಮಾಡಿದವರೇ, ಅವರಿಗೇನೂ ಆಗಲಿಲ್ಲವಲ್ಲ" ಎಂದು ಕೇಳುವವರಿದ್ದಾರೆ. ಅಜ್ಜ ಬಳಸಿದ್ದು ಕೈಗರಗಸ ಮತ್ತು ಉಜ್ಜುಗೊರಡು. ಉಜ್ಜುಗೊರಡಿನಿಂದ ಬೀಳುವುದು ಸುರುಳಿ ಸಿಪ್ಪೆ, ಅದು ಕಾಲಬುಡಕ್ಕೆ ಬೀಳುತ್ತದೆ, ಶ್ವಾಸಕ್ಕೆ ಹೋಗುವುದಿಲ್ಲ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಬ್ಲೇಡು ಮತ್ತು ಸ್ಯಾಂಡರ್ ಮಾಡುವ ಹುಡಿಯೇ ಬೇರೆ.

ನಮ್ಮ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್. 10 ಮೈಕ್ರಾನಿಗಿಂತ ಸಣ್ಣ ಕಣಗಳು ಮೂಗನ್ನು ದಾಟಿ ಒಳಗೆ ಇಳಿಯಬಲ್ಲವು. ಒಂದು 5 ಮೈಕ್ರಾನಿನ ಕಣ ಗಾಳಿಯಾಡದ ಕೋಣೆಯಲ್ಲಿ ಎದೆಯೆತ್ತರದಿಂದ ನೆಲಕ್ಕೆ ಇಳಿಯಲು ಅರ್ಧ ಗಂಟೆ ಬೇಕು. ಅದಕ್ಕಿಂತ ಸಣ್ಣದಾದರೆ ಗಂಟೆಗಳೇ ಬೇಕು. ಆದ್ದರಿಂದ ಭಾವ ಯಂತ್ರ ನಿಲ್ಲಿಸಿ, ಕೈಕಾಲು ತೊಳೆದು, ಚಹಾ ಕುಡಿಯಲು ಒಳಗೆ ಬಂದ ಮೇಲೂ ಹುಡಿ ತೇಲುತ್ತಲೇ ಇರುತ್ತದೆ. ಆ ಹೊತ್ತಿಗೆ ಸರಿಯಾಗಿ ಅಕ್ಕ ಹಿಡಿಸೂಡಿ ತೆಗೆದುಕೊಂಡು ಶೆಡ್ಡಿಗೆ ಹೋಗುತ್ತಾಳೆ. ಅವಳ ಕಿರಿಯ ಮಗಳಿಗೆ ಉಬ್ಬಸವಿದೆ. ಅದಕ್ಕೆ ಹುಡಿಯೇ ಕಾರಣ ಎಂದು ನಾನು ಹೇಳುವುದಿಲ್ಲ, ವೈದ್ಯರೂ ಹಾಗೆ ಹೇಳಿಲ್ಲ. ಆದರೆ ಶೆಡ್ಡಿನಲ್ಲಿ ಕೆಲಸ ಜೋರಾಗಿದ್ದ ದಿನ ರಾತ್ರಿ ಮಗುವಿನ ಕೆಮ್ಮು ಜಾಸ್ತಿ ಎಂಬುದನ್ನು ಅಕ್ಕ ಮೊದಲೇ ಗಮನಿಸಿದ್ದಳು. ಭಾವ ನನ್ನ ಅಂಗಡಿಗೆ ಬಂದದ್ದರ ನಿಜವಾದ ಕಾರಣ ಅದು. ನನ್ನ ನಗುವಿಗೆ ಅವರು ಯಾಕೆ ನಗಲಿಲ್ಲ ಎಂಬುದು ನನಗೆ ಆಮೇಲೆ ಅರ್ಥವಾಯಿತು.

ಎಷ್ಟು ಹುಡಿ ಹೆಚ್ಚಾಯಿತು ಎಂದು ಲೆಕ್ಕ ಹಾಕುವುದು ಹೇಗೆ? ಯುರೋಪಿನ ಒಕ್ಕೂಟದಲ್ಲಿ ಗಟ್ಟಿಮರದ ಹುಡಿಗೆ 2023ರಿಂದ ಇರುವ ಮಿತಿ ಒಂದು ಘನ ಮೀಟರ್ ಗಾಳಿಗೆ 2 ಮಿಲಿಗ್ರಾಂ. ತೇಗ, ಹಲಸು, ಬೀಟೆ ಎಲ್ಲವೂ ಆ ಗಟ್ಟಿಮರದ ಗುಂಪಿನವೇ. ಈಗ ಭಾವನ ಶೆಡ್ಡನ್ನು ತೆಗೆದುಕೊಳ್ಳಿ. 20 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ. ಅಷ್ಟು ಗಾಳಿಯಲ್ಲಿ ಒಂದು ಗ್ರಾಮಿನ ಹತ್ತನೆಯ ಒಂದು ಪಾಲಿಗಿಂತ ತುಸು ಹೆಚ್ಚು ಹುಡಿ ತೇಲಿದರೆ ಆ ಮಿತಿ ಮುಟ್ಟಿತು. ಒಂದು ಚಿಟಿಕೆ ಉಪ್ಪಿನ ಅರ್ಧ ಎಂದಿಟ್ಟುಕೊಳ್ಳಿ. ಒಂದು ಹಲಗೆ ಸೀಳಿದಾಗ ಬೀಳುವ ಹುಡಿಯನ್ನು ಬೊಗಸೆಯಲ್ಲಿ ತುಂಬಬಹುದು. ಅದರಲ್ಲಿ ನಯವಾದದ್ದು ಒಂದು ಚಿಟಿಕೆ ತಪ್ಪಿಸಿಕೊಂಡರೂ ಸಾಕು.

"ಮಾಸ್ಕ್ ಹಾಕಿಕೊಂಡರೆ ಮುಗಿಯಿತಲ್ಲ" ಎಂಬ ಮಾತು ತಕ್ಷಣ ಬರುತ್ತದೆ. ಮಾಸ್ಕ್ ಒಳ್ಳೆಯದು, ಹಾಕಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ನಮ್ಮವರಲ್ಲಿ ಹೆಚ್ಚಿನವರು ಗಡ್ಡ ಬಿಟ್ಟವರು. ಎನ್-95 ಮಾಸ್ಕಿನ ಕೆಲಸ ನಡೆಯುವುದು ಅದರ ಅಂಚು ಚರ್ಮಕ್ಕೆ ಒತ್ತಿ ಕೂತಾಗ ಮಾತ್ರ. ಅಂಚಿನ ಕೆಳಗೆ ಗಡ್ಡವಿದ್ದರೆ ಗಾಳಿ ಬಟ್ಟೆಯ ಮೂಲಕ ಬರುವುದಿಲ್ಲ, ಕೂದಲಿನ ಸಂದಿನಿಂದ ನುಗ್ಗುತ್ತದೆ. ತಲೆಯನ್ನೇ ಮುಚ್ಚಿ ಫ್ಯಾನಿನಿಂದ ಶುದ್ಧ ಗಾಳಿ ಊದುವ ಹೆಲ್ಮೆಟಿನಂಥ ಸಾಧನ ಗಡ್ಡದವರಿಗೂ ಆಗುತ್ತದೆ, ಆದರೆ ಅದು ದುಬಾರಿ, ನಮ್ಮ ಸೆಖೆಯಲ್ಲಿ ದಿನವಿಡೀ ಹಾಕಿಕೊಳ್ಳುವುದೂ ಕಷ್ಟ. ದಿನಕ್ಕೆ ಐದು ಬಾರಿ ವುಝೂ ಮಾಡುವಾಗ ಮೂಗಿಗೆ ನೀರು ತೆಗೆದುಕೊಳ್ಳುತ್ತೇವಲ್ಲ ಎಂದು ಒಬ್ಬ ಹಿರಿಯರು ನನ್ನಲ್ಲಿ ಹೇಳಿದರು. ಮೂಗಿನ ಮುಂಭಾಗದಲ್ಲಿ ಕೂತ ಹುಡಿ ಅದರಿಂದ ತೊಳೆದು ಹೋಗುತ್ತದೆ, ನಿಜ. ಎದೆಗೂಡಿಗೆ ಇಳಿದದ್ದನ್ನು ಯಾವ ನೀರೂ ತೊಳೆಯುವುದಿಲ್ಲ. ಇನ್ನು ಮಾಸ್ಕ್ ಹಾಕುವುದು ಯಂತ್ರದ ಮುಂದಿರುವವನು. ಗೋಡೆಯಾಚೆ ಅನ್ನ ಬಸಿಯುತ್ತಿರುವವಳಿಗೆ ಯಾರು ಮಾಸ್ಕ್ ಹಾಕುತ್ತಾರೆ?

ಆದ್ದರಿಂದಲೇ ಹುಡಿಯನ್ನು ಅದು ಹುಟ್ಟಿದ ಜಾಗದಲ್ಲೇ ಎಳೆದುಕೊಳ್ಳಬೇಕು. ಹಾಗೆ ಎಳೆಯಲು ಗೇಟು ಸರಿಯಾಗಿ ತೆರೆದು ಮುಚ್ಚಬೇಕು. ಮನುಷ್ಯನ ಕೈ ಅದನ್ನು ದಿನವಿಡೀ ತಪ್ಪದೆ ಮಾಡುವುದಿಲ್ಲ. ಹಾಗಾಗಿ ಮನೆಗೆ ತಾಗಿದ ಶೆಡ್ಡಿನಲ್ಲಿ ತಾನಾಗಿ ತೆರೆಯುವ ಗೇಟು ಶೋಕಿಯಲ್ಲ, ಬಾವಿಗೆ ಕಟ್ಟೆ ಇದ್ದ ಹಾಗೆ. ಬ್ಲೇಡಿಗೆ, ಮೋಟಾರಿಗೆ ಸಾವಿರಾರು ರೂಪಾಯಿ ಹಾಕುವವರು ಇದಕ್ಕೆ ಹಿಂದೆಗೆಯುವುದು ನನಗೆ ಸರಿ ಕಾಣುವುದಿಲ್ಲ.

ಅದು ಕೆಲಸ ಮಾಡುವ ಬಗೆ ಸರಳ. ಯಂತ್ರಕ್ಕೆ ಹೋಗುವ ವಯರಿನ ಸುತ್ತ ಒಂದು ಸಣ್ಣ ಬಳೆಯಂಥ ಕರೆಂಟ್ ಸೆನ್ಸರ್ ಹಾಕುತ್ತೇವೆ. ಯಂತ್ರ ಚಾಲೂ ಆದೊಡನೆ ಅದು ಕರೆಂಟು ಹರಿಯುವುದನ್ನು ಗುರುತಿಸುತ್ತದೆ. ಒಂದು ಸಣ್ಣ ಕಂಟ್ರೋಲರ್ ಬೋರ್ಡು ಆ ಯಂತ್ರದ ಗೇಟನ್ನು ಸರ್ವೋ ಮೋಟಾರಿನಿಂದ ತೆರೆಸಿ, ಉಳಿದ ಗೇಟುಗಳನ್ನು ಮುಚ್ಚಿಸಿ, ಬ್ಲೋವರಿಗೆ ಚಾಲನೆ ಕೊಡುತ್ತದೆ. ಯಂತ್ರ ನಿಂತ ಮೇಲೆ ಕೆಲವು ಸೆಕೆಂಡು ಬ್ಲೋವರ್ ಓಡಿ, ಪೈಪಿನಲ್ಲಿ ಉಳಿದದ್ದನ್ನು ಎಳೆದುಕೊಂಡು ನಿಲ್ಲುತ್ತದೆ. ಬೋರ್ಡು, ಸರ್ವೋ, ಸೆನ್ಸರ್ ಒಂದೊಂದೂ ಕೆಲವು ನೂರು ರೂಪಾಯಿಯ ವಸ್ತುಗಳು. ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದುವ ಹುಡುಗನೊಬ್ಬ ಮನೆಯಲ್ಲಿದ್ದರೆ ಬೋರ್ಡಿನ ಪ್ರೋಗ್ರಾಮ್ ಬರೆಯಲು ಅವನೇ ಸಾಕು. 230 ವೋಲ್ಟಿನ ಕಡೆ ಮಾತ್ರ ಅವನ ಕೈ ಹೋಗಬಾರದು, ಅದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮಾಡಲಿ.

ನಾವು ಮಾಡುವಾಗ ಎಡವಿದ ಕೆಲವು ಕಡೆಗಳನ್ನು ಹೇಳಿಬಿಡುತ್ತೇನೆ, ನಿಮಗೆ ಆ ಶ್ರಮ ಉಳಿಯಲಿ. ಸೆನ್ಸರನ್ನು ಇಡೀ ಕೇಬಲಿನ ಸುತ್ತ ಹಾಕಿದರೆ ಅದು ಏನನ್ನೂ ತೋರಿಸುವುದಿಲ್ಲ. ಹೋಗುವ ಕರೆಂಟು ಮತ್ತು ಮರಳುವ ಕರೆಂಟು ಒಂದನ್ನೊಂದು ಅಳಿಸಿಹಾಕುತ್ತವೆ. ಒಂದೇ ವಯರನ್ನು ಬಿಡಿಸಿ ಅದರ ಸುತ್ತ ಹಾಕಬೇಕು. ಮೋಟಾರ್ ಅಂಗಡಿಯವನಾದ ನಾನೇ ಇದರಲ್ಲಿ ಒಂದು ಮಧ್ಯಾಹ್ನ ಕಳೆದೆ ಎಂದು ಹೇಳಲು ನಾಚಿಕೆಯೇನಿಲ್ಲ. ಎರಡನೆಯದು, ಸಾ ಮತ್ತು ಬ್ಲೋವರ್ ಒಂದೇ ಕ್ಷಣದಲ್ಲಿ ಚಾಲೂ ಆದರೆ ಮನೆಯ ಎಂಸಿಬಿ ಬೀಳುತ್ತದೆ. ಮೋಟಾರು ಏಳುವಾಗ ಓಡುವಾಗಿನ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಎರಡರ ನಡುವೆ ಎರಡು ಸೆಕೆಂಡು ಅಂತರ ಇಟ್ಟ ಮೇಲೆ ಸರಿಯಾಯಿತು. ಆ ಅಂತರದಲ್ಲಿ ಗೇಟು ತೆರೆಯಲು ಸಮಯವೂ ಸಿಗುತ್ತದೆ. ಎಲ್ಲ ಗೇಟು ಮುಚ್ಚಿರುವಾಗ ಬ್ಲೋವರ್ ಓಡಬಾರದು, ತೆಳ್ಳಗಿನ ಪೈಪು ಒಳಕ್ಕೆ ಜಗ್ಗುತ್ತದೆ.

ಮೂರನೆಯದು ನಮ್ಮ ಮಳೆಗಾಲದ್ದು. ಮೊದಲು ಪ್ಲೈವುಡ್ಡಿನಲ್ಲಿ ಮಾಡಿದ ಗೇಟುಗಳು ಬೇಸಿಗೆಯಲ್ಲಿ ಬೆಣ್ಣೆಯ ಹಾಗೆ ಜಾರುತ್ತಿದ್ದವು. ಜೂನ್ ಬಂದದ್ದೇ ಉಬ್ಬಿಕೊಂಡು ಸಿಕ್ಕಿಬಿದ್ದವು, ಒಂದು ಸರ್ವೋವಿನ ಹಲ್ಲು ಮುರಿಯಿತು. ಈಗ ಜಾರುವ ಹಲಗೆಗೆ ಅಲ್ಯೂಮಿನಿಯಂ ತಗಡು, ಚೌಕಟ್ಟಿಗೆ ಅಕ್ರಿಲಿಕ್. ಇನ್ನೊಂದು ಸಂಗತಿ: ಗೇಟಿನ ಗಾಡಿಯ ಕೊನೆ ಮುಚ್ಚಿದ್ದರೆ ಮೂಲೆಯಲ್ಲಿ ಹುಡಿ ಗಟ್ಟಿಯಾಗಿ, ಗೇಟು ಪೂರ್ತಿ ಮುಚ್ಚುವುದಿಲ್ಲ. ಗಾಡಿಯ ಆಚೆ ತುದಿಯನ್ನು ತೆರೆದಿಟ್ಟರೆ ಹಲಗೆ ಮುಚ್ಚುವಾಗ ಹುಡಿಯನ್ನು ತಾನೇ ಹೊರಕ್ಕೆ ದೂಡುತ್ತದೆ. ಮತ್ತೆ, ಕರೆಂಟು ಹೋಗಿ ಬಂದಾಗ ಗೇಟು, ಬ್ಲೋವರ್ ತಾವಾಗಿ ಚಾಲೂ ಆದರೆ ಅಡ್ಡಿಯಿಲ್ಲ. ಸಾ ಮಾತ್ರ ತಾನಾಗಿ ಏಳಬಾರದು. ಕರೆಂಟು ಹೋದೊಡನೆ ಬಿಟ್ಟುಕೊಳ್ಳುವ ಸ್ವಿಚ್ ಅದಕ್ಕೆ ಇರಲೇಬೇಕು. ಸಾವನ್ನು ಯಾವ ಕಾರಣಕ್ಕೂ ಈ ಬೋರ್ಡಿಗೆ ಜೋಡಿಸಬೇಡಿ. ಬ್ಲೇಡನ್ನು ಎಬ್ಬಿಸುವುದು ನಿಮ್ಮ ಬೆರಳಾಗಿರಲಿ.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಮಾತು ಹೇಳದಿದ್ದರೆ ನಿಮಗೆ ಮೋಸ ಮಾಡಿದಂತೆ. ಎಳೆದ ಹುಡಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡದೆ ಗೇಟಿಗೆ ದುಡ್ಡು ಹಾಕಬೇಡಿ. ಬ್ಲೋವರಿನ ಜೊತೆ ಬರುವ ಬಟ್ಟೆಯ ಚೀಲ ದಪ್ಪ ಹುಡಿಯನ್ನು ಹಿಡಿಯುತ್ತದೆ, ನಯವಾದದ್ದನ್ನು ಹೊರಗೆ ಬಿಡುತ್ತದೆ. ಚೀಲ ಶೆಡ್ಡಿನೊಳಗೇ ಇದ್ದರೆ ಕೆಟ್ಟ ಹುಡಿಯನ್ನೇ ಆರಿಸಿ ಮತ್ತೆ ಕೋಣೆಗೆ ಊದಿದಂತೆ. ಭಾವನ ಶೆಡ್ಡಿನಲ್ಲಿ ಅದು ಅಡುಗೆಮನೆಯ ಕಿಟಕಿಯ ಕೆಳಗೇ ಇತ್ತು. ಚಳಿ ದೇಶದವರು ಬಿಸಿ ಮಾಡಿದ ಗಾಳಿಯನ್ನು ಹೊರಗೆ ಬಿಡಲಾರದೆ ದುಬಾರಿ ಫಿಲ್ಟರ್ ಹಾಕಿ ಅದನ್ನೇ ಒಳಗೆ ಸುತ್ತಿಸುತ್ತಾರೆ. ನಮಗೆ ಆ ತಾಪತ್ರಯವಿಲ್ಲ. ದಪ್ಪ ಹುಡಿಯನ್ನು ಸೈಕ್ಲೋನ್ ಡ್ರಮ್ಮಿನಲ್ಲಿ ಬೀಳಿಸಿ, ಉಳಿದ ಗಾಳಿಯನ್ನು ಫಿಲ್ಟರ್ ಮೂಲಕ ಗೋಡೆಯಾಚೆಗೆ ಬಿಟ್ಟರಾಯಿತು. ಆದರೆ ಅದು ನೆರೆಮನೆಯ ಅಂಗಳಕ್ಕೂ ಬಟ್ಟೆ ಒಣಗಿಸುವ ಹಗ್ಗಕ್ಕೂ ಬಾವಿಯ ಬದಿಗೂ ಹೋಗದ ಹಾಗೆ ನೋಡಿಕೊಳ್ಳಿ. ನಮ್ಮ ಮನೆಯ ಕೆಮ್ಮನ್ನು ನೆರೆಮನೆಗೆ ದಾಟಿಸುವುದು ಶುಚಿತ್ವವಲ್ಲ.

ಹಾಗೆಯೇ, ಕೈಯಲ್ಲಿ ಹಿಡಿದು ಉಜ್ಜುವ ಸ್ಯಾಂಡರಿಗೆ ಈ ಗೇಟಿನಿಂದ ಉಪಯೋಗ ಕಡಿಮೆ. ಅತಿ ನಯದ ಹುಡಿ ಬರುವುದು ಅದರಿಂದಲೇ. ಅದಕ್ಕೆ ಸಣ್ಣ ಹೋಸಿನ ವ್ಯಾಕ್ಯೂಮ್ ಬೇರೆಯೇ ಬೇಕು. ಸಂಜೆ ಏರ್ ಕಂಪ್ರೆಸರಿನಿಂದ ಮೈಮೇಲಿನ ಬಟ್ಟೆಗೆ ಗಾಳಿ ಹೊಡೆದುಕೊಳ್ಳುವ ಅಭ್ಯಾಸವೊಂದಿದೆ, ದಯವಿಟ್ಟು ಬಿಡಿ. ದಿನವಿಡೀ ಹಿಡಿದದ್ದನ್ನು ಒಂದು ನಿಮಿಷದಲ್ಲಿ ಮತ್ತೆ ಗಾಳಿಗೆ ಬಿಟ್ಟಂತಾಗುತ್ತದೆ. ಶೆಡ್ಡಿನ ಬಟ್ಟೆ ಶೆಡ್ಡಿನಲ್ಲೇ ಕಳಚಿ, ಬೇರೆ ಬಟ್ಟೆ ಉಟ್ಟು ಒಳಗೆ ಬಂದು ಮಗುವನ್ನು ಎತ್ತಿಕೊಳ್ಳಿ. ಒಣ ಹಿಡಿಸೂಡಿಯಿಂದ ಗುಡಿಸುವ ಬದಲು ವ್ಯಾಕ್ಯೂಮ್, ಅದಿಲ್ಲದಿದ್ದರೆ ನೆಲಕ್ಕೆ ನೀರು ಚಿಮುಕಿಸಿ ಗುಡಿಸುವುದು. ಆ ಕೆಲಸವನ್ನು ಹುಡಿ ಮಾಡಿದವರೇ ಮಾಡಲಿ ಎಂಬುದು ನನ್ನ ಅಭಿಪ್ರಾಯ. ಅಕ್ಕನ ಮನೆಯಲ್ಲಿ ಇದಕ್ಕೆ ಸ್ವಲ್ಪ ಚರ್ಚೆ ನಡೆಯಿತು, ಅದನ್ನು ಇಲ್ಲಿ ಬರೆಯುವುದಿಲ್ಲ.

ಸರಕಾರ ನೋಡಿಕೊಳ್ಳಲಿ ಎಂದು ಕೂರುವ ಹಾಗಿಲ್ಲ. 1948ರ ಕಾರ್ಖಾನೆ ಕಾಯ್ದೆಯ 14ನೆಯ ಕಲಮು ಹುಡಿ ಮತ್ತು ಹೊಗೆಯನ್ನು ಹುಟ್ಟಿದಲ್ಲೇ ಎಳೆಯುವ ವ್ಯವಸ್ಥೆ ಇರಬೇಕೆಂದು ಹೇಳಿತು. ಆದರೆ ಕಾರ್ಖಾನೆ ಎನ್ನಿಸಿಕೊಳ್ಳಲು ವಿದ್ಯುತ್ ಬಳಸುವ ಕಡೆ ಕನಿಷ್ಠ 10 ಮಂದಿ ಕೆಲಸಗಾರರು ಇರಬೇಕೆಂದೂ ಅದೇ ಕಾಯ್ದೆ ಬರೆಯಿತು. ಒಬ್ಬನೇ ದುಡಿಯುವ ಶೆಡ್ಡಿಗೆ ಇನ್‌ಸ್ಪೆಕ್ಟರ್ ಬರುವುದಿಲ್ಲ. ಗಲ್ಫಿನಲ್ಲಿ ಭಾವ ದುಡಿದ ಕಾರ್ಖಾನೆಯಲ್ಲಿ ಪ್ರತಿ ಯಂತ್ರಕ್ಕೂ ತಾನಾಗಿ ತೆರೆಯುವ ಗೇಟಿತ್ತಂತೆ. ಅಲ್ಲಿ ಕಂಪೆನಿಗಾಗಿ ದುಡಿಯುವಾಗ ಸಿಕ್ಕಿದ್ದನ್ನು ಸ್ವಂತ ಮನೆಯಲ್ಲಿ ಸ್ವಂತ ಮಕ್ಕಳ ಪಕ್ಕದಲ್ಲಿ ದುಡಿಯುವಾಗ ಬೇಡ ಎನ್ನುವುದು ಯಾಕೆ ಎಂದು ಅವರೇ ನನ್ನನ್ನು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಎಲ್ಲವನ್ನೂ ಒಟ್ಟಿಗೆ ಮಾಡಲು ದುಡ್ಡಿಲ್ಲದಿದ್ದರೆ ನಾನು ಹೇಳುವ ಕ್ರಮ ಇದು: ಮೊದಲು ಬ್ಲೋವರಿನ ಚೀಲ ಹೊರಗೆ ಹೋಗಲಿ. ಆಮೇಲೆ ಸ್ಯಾಂಡರಿಗೆ ವ್ಯಾಕ್ಯೂಮ್. ಆ ನಂತರ, ಅತಿ ಹೆಚ್ಚು ಹುಡಿ ಮಾಡುವ ಎರಡು ಯಂತ್ರಗಳಿಗೆ ತಾನಾಗಿ ತೆರೆಯುವ ಗೇಟು. ಉಳಿದವು ನಿಧಾನಕ್ಕೆ ಬರಲಿ. ಎಲ್ಲಕ್ಕೂ ಒಟ್ಟಿಗೆ ಹಾಕುತ್ತೇನೆಂದು ಕಾದು ಕುಳಿತು ಒಂದಕ್ಕೂ ಹಾಕದೆ ವರ್ಷ ಕಳೆದವರನ್ನು ನಾನು ಬಲ್ಲೆ.

ಭಾವನ ಶೆಡ್ಡಿನಲ್ಲಿ ಈಗ ಟೇಬಲ್ ಸಾ ಮತ್ತು ಪ್ಲೇನರಿನ ಗೇಟುಗಳು ತಾವಾಗಿ ತೆರೆಯುತ್ತವೆ. ಚೀಲ ಕಿಟಕಿಯ ಕೆಳಗಿನಿಂದ ತೆಂಗಿನ ಬುಡದ ಕಡೆಗೆ ಹೋಗಿದೆ. ಕಿಟಕಿಯ ದಂಡೆಯ ಮೇಲೆ ಬೆರಳಾಡಿಸಿ ನೋಡುವುದು ಅಕ್ಕನ ಹೊಸ ಅಭ್ಯಾಸ. ಮೊದಲು ದಿನಕ್ಕೆರಡು ಸಲ ಒರೆಸುತ್ತಿದ್ದವಳು ಈಗ ಎರಡು ದಿನಕ್ಕೊಮ್ಮೆ ಒರೆಸುತ್ತಾಳಂತೆ. ಬ್ಯಾಂಡ್ ಸಾದ ಗೇಟನ್ನು ಇನ್ನೂ ಕೈಯಲ್ಲೇ ಎಳೆಯಬೇಕು. ಮೊನ್ನೆ ಹೋದಾಗ ಅದು ತೆರೆದೇ ಇತ್ತು. ನಾನು ಅದನ್ನು ಮುಚ್ಚಿ, ಮೂರನೆಯ ಸರ್ವೋಗೆ ಅಳತೆ ತೆಗೆದುಕೊಂಡು ಬಂದೆ.